ಪಾಟೀಸವಾಲಿಗೆ ಮುಂಚೆ

ಪಂಪನಗೌಡ ಸಾಹೇಬರು ಹೇಳಿದ್ದು ಇಷ್ಟೇ:
"ಆ ಜಂಬುನಾಥ ಯಾರು, ಎಲ್ಲಿ ಓದಿದ,
ಎಲ್ಲೆಲ್ಲಿ ಕಟಕಟೆ ಹತ್ತಿದ, ಏನೇನು ನುಡಿದ,
ಗುರುವಾರದೊಳಗ ನನ್ನ ಟೇಬಲ್ ಮ್ಯಾಲಿರಬೇಕು."

ನಾನು ಹುಲಿಗೆಮ್ಮ. ಸನ್ನದು ಸಿಕ್ಕು ಎರಡು ವರ್ಷ.
ಕರಿಕೋಟಿಗೆ ಇನ್ನೂ ಅಂಗಡಿಯ ವಾಸನೆ.

ಕೇಸು ಮುಂಡರಗಿಯ ಜೀನ್ಸ್ ತೊಳೆಯುವ ಶೆಡ್ಡಿನದು.
ಬಾಯ್ಲರು ಸಿಡಿದ ದಿನ ದಾದಾಪೀರನ ಮೈಮೇಲೆ
ಬಣ್ಣದ ನೀಲಿ ಯಾವುದು, ಸುಟ್ಟ ನೀಲಿ ಯಾವುದು
ದೊಡ್ಡಾಸ್ಪತ್ರೆಯ ನರ್ಸಿಗೂ ತಿಳಿಯಲಿಲ್ಲವಂತೆ.
ತಜ್ಞರ ವರದಿ ಹನ್ನೊಂದು ಪುಟ, ತಾತ್ಪರ್ಯ ಒಂದು ಸಾಲು:
"ಕೆಲಸಗಾರನು ನೀರಿನ ಮಟ್ಟ ನೋಡದೆ ಬೆಂಕಿ ಏರಿಸಿದ್ದಾನೆ."

ಮೊದಲು ಡಿಗ್ರಿಯ ಬೆನ್ನು ಹತ್ತಿದೆ.
ಸುಳ್ಳಾಗಿರಲಿ ತಾಯಿ ಎಂದು ಹರಕೆಯನ್ನೂ ಹೊತ್ತೆ.
ಕಾಲೇಜಿನ ಗುಮಾಸ್ತರು ಕನ್ನಡಕ ಏರಿಸಿ
ಲೆಡ್ಜರಿನ ಗೆರೆಯ ಮೇಲೆ ಬೆರಳಿಟ್ಟರು. ಇದೆ.
ಫಸ್ಟ್ ಕ್ಲಾಸು. ಲೈಬ್ರರಿ ಬಾಕಿಯೂ ಇಲ್ಲ.
ಬಾಯ್ಲರ್ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ,
ಒಂದು ನೋಟೀಸಿಲ್ಲ.
ಮನೆ ಗಾಂಧಿನಗರದಲ್ಲಿ, ಬಾಡಿಗೆಯದು.
ಎದುರುಮನೆಯಾಕೆ ಮೆಣಸಿನಕಾಯಿ ಹರವುತ್ತ ನಕ್ಕಳು:
"ಭಾಳ ಮೆತ್ತಗಿನ ಮನುಷ್ಯ. ಯಾಕವ್ವ, ಗಂಡು ನೋಡಾಕ ಬಂದೀಯೇನು?
ಅವರಿಗೆ ಗಂಡುಮಕ್ಕಳಿಲ್ಲ."

ಅವನ ಒಂದೊಂದು ಒಳ್ಳೆಯತನ ಸಿಕ್ಕಾಗಲೂ
ಪರ್ಸು ಕಳಕೊಂಡವಳಂತೆ ಪೆಚ್ಚಾಗುತ್ತಿದ್ದೆ.

ಆಮೇಲೆ ತೀರ್ಪುಗಳು. ಆರು ಕೇಸು,
ಆರರಲ್ಲೂ ಅದೇ ಸಾಲು, ಅಲ್ಪವಿರಾಮ ಕೂಡ ಕದಲದೆ.
ಒಂದರಲ್ಲಂತೂ ಸತ್ತವನ ಜಾಗದಲ್ಲಿ
ಹಿಂದಿನ ಕೇಸಿನ ಸತ್ತವನ ಹೆಸರು
ತಿದ್ದದೆ ಹಾಗೇ ಉಳಿದಿತ್ತು.
ಸಿಕ್ಕ! ಎಂದು ಕೋರ್ಟಿನ ಕ್ಯಾಂಟೀನಿನಲ್ಲಿ
ಒಗ್ಗರಣೆ ಜೊತೆ ಎರಡು ಮಿರ್ಚಿ ಹೆಚ್ಚು ಹೇಳಿದೆ.

ಅಲ್ಲಿಗೇ ನಿಲ್ಲಬಹುದಿತ್ತು.
ಏಳನೆಯದು ಕೊಪ್ಪಳದ್ದು, ಹದಿನಾರು ವರ್ಷ ಹಳೆಯದು.

ಗಿಣಿಗೇರಿ ದಾಟುವಾಗ ಬಸ್ಸಿನ ಕಿಟಕಿ ಮುಟ್ಟಿದ ಕೈ
ಕರ್ರಗಾಯಿತು.
ದಫ್ತರಖಾನೆಯ ಯಮನೂರಪ್ಪ ಕೆಂಪು ಬಟ್ಟೆಯ ಗಂಟು ಬಿಚ್ಚಿ
ಒಮ್ಮೆ ಸೀನಿ, ನನ್ನ ಮುಂದೆ ತಳ್ಳಿದ.
ಗೆದ್ದಲು ಅಂಚು ತಿಂದು ನಡುವನ್ನು ಬಿಟ್ಟಿತ್ತು:

"ಗೇಜು ಕೆಟ್ಟಿತ್ತು. ನಾನೇ ಎರಡು ಸಲ ಬರೆದು ಕೊಟ್ಟಿದ್ದೆ.
ಹುಡುಗನದು ಏನೂ ತಪ್ಪಿಲ್ಲ."

ಇದೇ ಜಂಬುನಾಥ. ಇದೇ ಸಹಿ, ಇನ್ನೂ ನೆಟ್ಟಗೆ.

ಮುಂದೆ ಪಾಟೀಸವಾಲು, ಒಂಬತ್ತು ಪುಟ.
ಕಂಪನಿಯ ಮೇಲೆ ನಿಮಗೆ ದ್ವೇಷವಿದೆಯೆ? ಇಲ್ಲ.
ಸತ್ತವನು ನಿಮ್ಮ ಜಾತಿಯವನೆ? (ಸಾಕ್ಷಿ ಸುಮ್ಮನಿದ್ದಾರೆ.)
ನಿಮ್ಮ ಮಗಳ ಕಾಲೇಜಿನ ಫೀಸು ಕಟ್ಟಿದವರು ಯಾರು?
(ಸಾಕ್ಷಿ ನೀರು ಕೇಳಿದ್ದಾರೆ.)
ನಾಲ್ಕನೆಯ ಪುಟಕ್ಕೆ ಇರಬಹುದು.
ಏಳಕ್ಕೆ ನೆನಪಿಲ್ಲ.
ಒಂಬತ್ತಕ್ಕೆ ವಕೀಲರು ಸೂಚಿಸುತ್ತಾರೆ:
ಕೆಲಸಗಾರನು ನೀರಿನ ಮಟ್ಟ ನೋಡದೆ ಬೆಂಕಿ ಏರಿಸಿದ್ದಾನೆ
ಎಂದರೆ ಸರಿಯೆ?
ಸರಿ.

ಅಂದರೆ ಆ ಸಾಲು ಅವನದಲ್ಲ.
ಅವನ ಬಾಯಿಗೆ ಇಟ್ಟದ್ದು, ಅವನು ಉಗುಳದೆ
ಹದಿನಾರು ವರ್ಷ ಅದರಲ್ಲೇ ಅನ್ನ ಉಂಡದ್ದು.

ವಕಾಲತ್ತಿನ ಹಾಳೆ ತಿರುಗಿಸಿದೆ. ಕಂಪನಿಯ ಪರ.
ಆ 'ಪ' ಅಕ್ಷರದ ಉದ್ದ ಬಾಲ ನನಗೆ ಗೊತ್ತು,
ತಿಂಗಳು ತಿಂಗಳು ನನ್ನ ಸಂಬಳದ ಚೆಕ್ಕಿನ ಮೇಲೆ
ಅದೇ ಬಾಲ.

ಗುರುವಾರ ಸಾಹೇಬರು ಪೂರಾ ಓದಿದರು, ನಿಂತೇ.
"ಚಲೋ ಕೇಳಿದ್ದೆ ಆವಾಗ" ಅಂದರು,
ಬೇರೆ ಯಾರ ಬಗ್ಗೆಯೋ ಅಂದ ಹಾಗೆ.
ಫ್ಯಾನಿನ ಗಾಳಿಗೆ ಹಾರದಿರಲೆಂದು
ಸಂಡೂರಿನ ಅದಿರಿನ ಕಲ್ಲು ಎತ್ತಿ ಹಾಳೆಯ ಮೇಲಿಟ್ಟರು.
"ಆರು ಸಾಕಾಗ್ತಾವ, ಹುಲಿಗೆಮ್ಮ. ಏಳನೇದು..."
ಫೋನು ಬಂತು. ಹೊರಗೆ ಹೋದರು.

ಈಗ ರಾತ್ರಿ ಹತ್ತು. ದಾಖಲೆಗಳ ಪಟ್ಟಿ ಬರೆಯುತ್ತಿದ್ದೇನೆ.
ಆರು ಮುಗಿದಿವೆ. ಏಳು ಎಂದು ಬರೆದು
ಮುಂದಿನ ಜಾಗ ಹಾಗೇ ಬಿಟ್ಟಿದ್ದೇನೆ.

ಬೆಳಿಗ್ಗೆ, ಆಫೀಸಿನ ಬಾಗಿಲು ತೆರೆಯುವ ಮುಂಚೆ,
ಮೆಟ್ಟಿಲ ಮೇಲೆ ಕೂತಿದ್ದ ದಾದಾಪೀರನ ಹೆಂಡತಿ ಕೇಳಿದ್ದಳು:
"ಆ ಇಂಜಿನಿಯರ್ ಸಾಬರು ಯಾಕ ಹಂಗ ಹೇಳ್ತಾರಕ್ಕ,
ಏನಾರ ಗೊತ್ತಾತೇನು?"

ಹುಡುಕಾಕ ಹತ್ತೀನಿ ಅಂದೆ.
ನಕಲು ಆಗ ನನ್ನ ಚೀಲದಲ್ಲೇ ಇತ್ತು.