ಉಪ್ಪು ಹೆಸರು

ಆಟದ ಮೇಷ್ಟ್ರಿಗೆ ಲೈಬ್ರರಿ ಚಾರ್ಜು ಕೊಟ್ಟಿದ್ದು
ಬೀರುವಿನ ಬೀಗ ತೆಗೆಯಲು ರಟ್ಟೆ ಬೇಕೆಂದು.
ಹೆಡ್‌ಮಾಸ್ಟರು ನಗುತ್ತಲೇ ಬರೆದ ಆರ್ಡರು
ಈಗಲೂ ಸ್ಟಾಕ್ ರಿಜಿಸ್ಟರಿನ ಮೊದಲ ಪುಟಕ್ಕೆ
ಗುಂಡುಪಿನ್ನು ಚುಚ್ಚಿಕೊಂಡಿದೆ.

ಮುನ್ನೂರ ಹನ್ನೊಂದು ಪುಸ್ತಕ, ಗೆದ್ದಲಿನ ಪಾಲು ಒಂಬತ್ತು.
ದಾನಿಗಳು ಕೊಟ್ಟ ಟ್ಯಾಬು ನಾಲ್ಕು,
ಒಂದಕ್ಕೆ ಚಾರ್ಜರ್ ಇಲ್ಲ.
ಕೊಪ್ಪದ ಕಡೆಯ ಕಿಟಕಿಯಲ್ಲಿ ಮಾತ್ರ ಎರಡು ಕಡ್ಡಿ ಸಿಗ್ನಲ್ಲು,
ಜಗತ್ತೇನಾದರೂ ನಮ್ಮೂರಿಗೆ ಬಂದರೆ ಅಲ್ಲಿಂದಲೇ.

ಅಲ್ಲೇ ಕೂರುತ್ತಾಳೆ ಎಂಟನೇ ಕ್ಲಾಸಿನ ಇಂಚರ.
‘ಹೆಸರಿಡುವಾಗ ಗೊತ್ತಿರ್ಲಿಲ್ಲ ಸಾ’
ಅಂದಿದ್ದರು ಅವರಪ್ಪ ಅಡ್ಮಿಷನ್ನಿನ ದಿನ,
ತಪ್ಪು ಮಾಡಿದವರ ಹಾಗೆ ಟವೆಲ್ಲು ಹಿಂಡುತ್ತಾ.
ಇಪ್ಪತ್ತೊಂದು ವರ್ಷದ ಸರ್ವಿಸ್ಸಿನಲ್ಲಿ
ನನ್ನ ಸೀಟಿಗೆ ಕ್ಯಾರೇ ಅನ್ನದವಳು ಇವಳೊಬ್ಬಳೇ.
ನೂರು ಮೀಟರು ಓಟಕ್ಕೆ ಇವಳಿಗಾಗಿ ಕರ್ಚೀಫು ಬೀಸಲು ಕಲಿತೆ;
ಉಳಿದವರ ಕಿವಿಗೆ ಸೀಟಿ ಮುಟ್ಟುವಷ್ಟರಲ್ಲಿ
ಇವಳು ಒಂದು ಹೆಜ್ಜೆ ಮುಂದೆ.

ಕಬ್ಬಿನ ಟ್ರ್ಯಾಕ್ಟರು ಬಂದರೂ ಅಷ್ಟೇ.
ಬೀರುವಿನ ಗಾಜು ನಡುಗುವ ಮೊದಲೇ
ಮೇಜಿನ ಮೇಲಿಟ್ಟ ಅವಳ ಅಂಗೈಗೆ ತಿಳಿದಿರುತ್ತದೆ.

ವಿಡಿಯೋ ಅಂದರೆ ಇವಳಿಗೆ ಕೆಳಗಿನ ಎರಡು ಸಾಲು.
ಬೆಟ್ಟ ಬೆಂಕಿ ಉಗುಳಲಿ, ತಿಮಿಂಗಿಲ ಮಗುಚಲಿ,
ಕಣ್ಣು ಅಡಿಬರಹದ ಮೇಲೆಯೇ.
ಯಂತ್ರ ತಾನೇ ಕೇಳಿಸಿಕೊಂಡು ತಾನೇ ಬರೆಯುತ್ತದಂತೆ.
ಒಳ್ಳೆಯದೇ ಆಯಿತು ಅಂದುಕೊಂಡಿದ್ದೆ, ಎರಡು ವರ್ಷ.

ಶ್ರಾವಣದಲ್ಲಿ ಸುಹೇಲ ಅಂದ: ನಮ್ಮದೇ ಒಂದು ತೆಗೆಯೋಣ ಸಾ.
ಬಿಸಿಯೂಟದ ಚಿಕ್ಕಮಾದಮ್ಮನ ಮುಂದೆ ಟ್ಯಾಬು ಹಿಡಿದ.
‘ನನ್ನ್ಯಾಕ್ಲಾ ತಗೀತೀಯೆ, ಮಕ ತೊಳ್ದಿಲ್ಲ’ ಅಂದವಳು
ಸೆರಗು ಸಿಕ್ಕಿಸಿ ಶುರುಮಾಡಿದ್ದೇ ತಡ, ನಿಲ್ಲಲಿಲ್ಲ:
‘ಉಪ್ಪೆಸ್ರು ಮಾಡಾದು ಯಂಗಪ್ಪಾ ಅಂದ್ರೆ,
ಅವರೆಕಾಳು ಬೇಯಿಸ್ಕಂಡು...
ಬಸ್ಸಾರಾದ್ರೆ ಅದೇ ಬ್ಯಾರೆ.’

ಯಂತ್ರ ಬರೆಯಿತು:
ಉಪ್ಪು ಹೆಸರು ಮಾಡಿ ಆದರೂ ಯಂಗ್ ಅಪ್ಪ ಅಂದರೆ
ಅವರ ಕಾಲು ಬೇಯಿಸಿಕೊಂಡು
ಬಸ್ಸು ಆರು ಆದರೆ ಅದೇ ಬೇರೆ.

ಕ್ಲಾಸಿಗೆ ಕ್ಲಾಸೇ ಬೆಂಚಿನ ಮೇಲೆ ಹೊರಳಾಡಿತು.
ನಾನೂ ನಕ್ಕೆ.
ಇಂಚರ ಎಲ್ಲರ ಹಲ್ಲು ನೋಡಿದಳು, ತೆರೆ ನೋಡಿದಳು,
ಚೀಟಿ ಬರೆದು ನನ್ನ ಕೈಗಿಟ್ಟಳು:
ಉಪ್ಪಿಗೆ ಏನು ಹೆಸರು?
ಯಾರ ಕಾಲು?

ಆ ಸಂಜೆ ಅವಳ ವಿಜ್ಞಾನದ ನೋಟ್ಸು ಬಿಡಿಸಿದೆ.
‘ಭೂಮಿಯ ಒಳಗೆ ಲಾಭ ಇರುತ್ತದೆ.
ಬೆಟ್ಟ ಒಡೆದಾಗ ಲಾಭ ಹೊರಗೆ ಹರಿಯುತ್ತದೆ.’
ಪಕ್ಕದಲ್ಲಿ ಕೆಂಪು ಶಾಯಿಯ ತಪ್ಪು ಗುರುತು.
ತಪ್ಪು ಯಾರದೆಂದು ಬರೆಯಲು ಅಂಚಿನಲ್ಲಿ ಜಾಗವಿರಲಿಲ್ಲ.

ನಾಲ್ಕೂವರೆಯ ಮೇಲೆ ಉಳಿದರು ಆರೇಳು ಮಕ್ಕಳು.
ನಿಲ್ಲಿಸು, ಹಿಂದಕ್ಕೆ ಹೋಗು, ಇನ್ನೊಂದ್ಸಲ ಕೇಳು, ಟೈಪು ಮಾಡು.
ನಾಲ್ಕು ನಿಮಿಷದ ವಿಡಿಯೋಗೆ ಹನ್ನೊಂದು ಸಂಜೆ.
ಜಗಳ ಬಿದ್ದದ್ದು ‘ಮಾಡಾದು’ ಅನ್ನುವಲ್ಲಿ.
‘ಮಾಡುವುದು’ ಅಂತಿರಲಿ, ಅಂದರು ಕನ್ನಡದ ಮೇಡಮ್ಮು,
ಸುಹೇಲನೂ ಹ್ಞೂಂ ಅಂದ.
ಇಂಚರ ಬೆರಳಿಟ್ಟು ಚಿಕ್ಕಮಾದಮ್ಮನ ತುಟಿ ತೋರಿಸಿದಳು.
ಮತ್ತೆ ಹಾಕಿದೆವು.
ಮತ್ತೆ.
ಆ ತುಟಿಯಲ್ಲಿ ‘ವು’ ಎಲ್ಲಿಯೂ ಮುಚ್ಚುವುದಿಲ್ಲ.
ಮೇಡಮ್ಮು ಕನ್ನಡಕ ತೆಗೆದು ಒರೆಸಿಕೊಂಡು, ಸರಿ, ಮಾಡಾದು, ಅಂದರು.

ರಿಜಿಸ್ಟರಿನಲ್ಲಿ ಮುನ್ನೂರ ಹನ್ನೆರಡನೆಯದಾಗಿ ಏರಿಸಿದೆ.
ಬರೆದವರು: ಎಂಟನೇ ತರಗತಿ. ಬೆಲೆ: ಗೀಟು.
ಆಡಿಟ್ಟಿನವರು ಕೇಳಿದರೆ ಉಪ್ಪೆಸ್ರು ಬಡಿಸಿದರಾಯಿತು.

ಈಗ ಅವಳು ಹಳೆಯ ನೋಟ್ಸೆಲ್ಲ ತಂದಿದ್ದಾಳೆ,
ಐವತ್ತೆರಡು ಸಾಲು, ಒಂದೊಂದರ ಮುಂದೂ ಪ್ರಶ್ನೆಯ ಕೊಕ್ಕೆ.
ಆಟದ ಮೇಷ್ಟ್ರು ನಾನು, ಜ್ವಾಲಾಮುಖಿಯ ಬಗ್ಗೆ ನನಗೇನು ಗೊತ್ತು.
ಸೀಟಿಯನ್ನು ಜೇಬಿಗಿಟ್ಟು
ಬೀಗಕ್ಕೆ ಎಣ್ಣೆ ಬಿಟ್ಟೆ.
ಅವಳ ಒಂದು ಕೈಯಲ್ಲಿ ಗೆದ್ದಲು ಬಿಟ್ಟ ಪುಸ್ತಕ,
ಇನ್ನೊಂದರಲ್ಲಿ ಟ್ಯಾಬು;
ಎರಡನ್ನೂ ಅವಳು ನಂಬುತ್ತಿಲ್ಲ.

ಮೂವತ್ತೇಳನೆಯ ಸಾಲಿನಲ್ಲಿದ್ದೇವೆ.