ಐದು ಸಾವಿರ ಮೀರದವರು

ಶುಕ್ರವಾರ ಸಂಜೆ ರೋಮಿನಿಂದ ಬಣ್ಣ ಬರುತ್ತದೆ.
ಹಳದಿಯೋ, ಕಿತ್ತಳೆಯೋ, ಕೆಂಪೋ.
ಕಾಫಿ ಅಂಗಡಿಯ ರೆಮೋ ಕುರ್ಚಿಗಳನ್ನು ಅರ್ಧ ಮಡಚಿಟ್ಟು
ಟೀವಿ ಮುಂದೆ ನಿಂತಿರುತ್ತಾನೆ, ತೀರ್ಪು ಕೇಳುವವನ ಹಾಗೆ.
ಒಂದು ಅಂಕೆ, ಒಂದಕ್ಕಿಂತ ಹೆಚ್ಚೋ ಕಡಿಮೆಯೋ,
ದಶಮಾಂಶದ ಬಲಕ್ಕೆ ಎರಡು ಮನೆ;
ಅದರ ಮೇಲೆ ನಮ್ಮ ಸೋಮವಾರ.

ಈ ಸಲ ಕಿತ್ತಳೆ.
ಊರ ಗಡಿ ದಾಟುವಂತಿಲ್ಲ.
ಆದರೆ ಆಜ್ಞೆಯ ನಾಲ್ಕನೇ ಪುಟದಲ್ಲಿ ಒಂದು ಕಿಂಡಿ:
ಐದು ಸಾವಿರ ಮೀರದ ಊರಿನವರು
ಮೂವತ್ತು ಕಿಲೋಮೀಟರು ಹೋಗಿಬರಬಹುದು,
ಬೇರೆ ಪ್ರಾಂತ್ಯಕ್ಕೂ, ನದಿ ದಾಟಿಯೂ.

ನಾನು ಸಾನ್ ಕಲಿಸ್ತೊ ಪುರಸಭೆಯಲ್ಲಿ
ಜನನ ಮರಣ ಬರೆಯುವವಳು. ಇಪ್ಪತ್ತಾರು ವರ್ಷವಾಯಿತು.
ಆ ದಿನ ನನ್ನ ಪುಸ್ತಕದಲ್ಲಿ ನಾವು
ಐದು ಸಾವಿರದ ಮೂರು.

ಮೂರೇ ಮೂರು!
ಇಡೀ ಊರು ಆ ಮೂವರನ್ನು ಹುಡುಕತೊಡಗಿತು,
ಕರೆಯದೆ ಬಂದ ನೆಂಟರನ್ನು ಪತ್ತೆ ಹಚ್ಚುವ ಹಾಗೆ.
ತೊರಿನೋದಲ್ಲಿ ಓದುವ ಹುಡುಗಿ ಇನ್ನೂ ಇಲ್ಲೇಕೆ?
ಕಡಲ ಮೇಲೆ ಕೆಲಸ ಮಾಡುವವನು ಯಾವ ಊರವನು?
'ಆ ಪಂಜಾಬಿಗಳನ್ನೂ ಎಣಿಸಿದ್ದೀಯಾ?'
ಎಂದಳು ಔಷಧಿ ಅಂಗಡಿಯಾಕೆ.
ಎಣಿಸಿದ್ದೇನೆ.
ನೀನು ಕುಡಿಯುವ ಹಾಲು ಕರೆಯುವವರು.

ಸೇತುವೆ ಕಾಯುವ ಹವಾಲ್ದಾರ
ದಿನಾ ಎಂಟಕ್ಕೆ ಸರಿಯಾಗಿ ಫೋನು ಮಾಡುತ್ತಿದ್ದ:
'ಇವತ್ತು ಎಷ್ಟಿದ್ದೀವಿ?'

ಮಂಗಳವಾರ ಎರ್ಮಿನಿಯೊ ಹೋದ, ಬೀಗ ರಿಪೇರಿಯವ.
ಊರಿನ ಅರ್ಧ ಬಾಗಿಲು ಅವನ ಕೈ ಬಲ್ಲವು.
ಗುರುವಾರ ತೆಕ್ಲಾ ಟೀಚರು, ನನಗೆ ಮಗ್ಗಿ ಕಲಿಸಿದವರು.
ಹೆಸರಿನ ಮೇಲೆ ಗೆರೆ ಎಳೆಯುವಾಗ
'ಸ್ಕೇಲಿಟ್ಟು ಎಳಿ' ಅಂದಂತಾಯಿತು. ಸ್ಕೇಲಿಟ್ಟೆ.
ಶನಿವಾರ ಯಾರೂ ಬಂದು ಹೇಳಲಿಲ್ಲ,
ಆಸ್ಪತ್ರೆಯಿಂದ ಕಾಗದ ಮಾತ್ರ:
ಗುರ್ಬಕ್ಷ್, ಐವತ್ತೆರಡು, ಕೊಟ್ಟಿಗೆ ಕೆಲಸ.

ಐದು ಸಾವಿರ.
ಮೀರಲಿಲ್ಲ.

ಹವಾಲ್ದಾರನಿಗೆ ಹೇಳಿದೆ.
ಆಚೆಯಿಂದ ಬಹಳ ಹೊತ್ತು ಬರೀ ಉಸಿರು.
ಆಮೇಲೆ 'ಆಯ್ತು' ಎಂದ.

ಭಾನುವಾರ ಪೋ ನದಿಯ ಮೇಲೆ ಮಂಜು,
ಮಂಜಿನೊಳಗೆ ಕಾರುಗಳ ದೀಪ ಸಾಲುಸಾಲು.
ಎಮಿಲಿಯಾದ ಅಕ್ಕನ ಮನೆಗೆ, ಪ್ರಿಯನ ಮನೆಗೆ,
ಕೆಲವರು ಸುಮ್ಮನೆ ಆಚೆ ದಡಕ್ಕೆ,
ಅಲ್ಲಿಂದ ನಮ್ಮೂರು ಹೇಗೆ ಕಾಣುತ್ತದೆಂದು ನೋಡಲು.
ಯಾರೂ ಹಾರನ್ ಹಾಕಲಿಲ್ಲ.
ಔಷಧಿ ಅಂಗಡಿಯಾಕೆಯೂ ಹೋದಳು.
ನಾನೂ ಹೋದೆ.
ನನ್ನ ತಂಗಿ ಕುಂಬಳಕಾಯಿ ತುಂಬಿ ತೊರ್ತೆಲ್ಲಿ ಮಾಡಿದ್ದಳು,
ಮೇಲೆ ಬೆಣ್ಣೆ, ಒಣಗಿದ ಎಲೆ.
ರುಚಿಯಾಗಿತ್ತು.
ಅದೇ ಕಷ್ಟ.

ಸೋಮವಾರ ಮಿರ್ಕೊ ಬಂದ, ಕಣ್ಣಲ್ಲಿ ನಿದ್ದೆಯಿಲ್ಲ.
ಶುಕ್ರವಾರ ರಾತ್ರಿ ಹೆಣ್ಣು ಮಗು,
ಮೂರು ಕಿಲೋ ಇನ್ನೂರು.
ಪುಸ್ತಕ ತೆರೆದೆ. 'ಬರೆಯಲೇ?'
ಅವನು ಟೋಪಿ ತಿರುಗಿಸುತ್ತ ಕಿಟಕಿಯಾಚೆ ನೋಡಿದ.
ಮಗುವಿನ ಅಜ್ಜಿ ಇರುವುದು ಆಚೆ ದಡದಲ್ಲಿ.
ಹಾಸಿಗೆ ಬಿಟ್ಟು ಏಳಲಾರದವಳು.
ಇವಳು ಲೆಕ್ಕಕ್ಕೆ ಬಂದರೆ ಸೇತುವೆ ಮುಚ್ಚುತ್ತದೆ;
ಲೆಕ್ಕಕ್ಕೆ ಬಾರದಿದ್ದರೆ
ಇವಳನ್ನೇ ಎತ್ತಿಕೊಂಡು ದಾಟಬಹುದು.

'ಹುಟ್ಟು ಬರೆಸಲು ಕಾನೂನು ಹತ್ತು ದಿನ ಕೊಡುತ್ತದಲ್ಲ?'
ಕೊಡುತ್ತದೆ, ಎಂದೆ.
'ಹಾಗಾದರೆ ಹತ್ತನೆಯ ದಿನ ಬರ್ತೀನಿ.'

ಪೆನ್ನಿಗೆ ಮುಚ್ಚಳ ಹಾಕಿದೆ.
ಮರುದಿನ ಎಂಟಕ್ಕೆ ಫೋನು. 'ಎಷ್ಟಿದ್ದೀವಿ?'
ನಿನ್ನೆಯಷ್ಟೇ, ಎಂದೆ.
ಇಪ್ಪತ್ತಾರು ವರ್ಷದಲ್ಲಿ ಮೊದಲ ಸುಳ್ಳು,
ಅದೂ ಸುಳ್ಳೇ ಹೌದೋ ಅಲ್ಲವೋ ಯಾವ ಪುಟದಲ್ಲೂ ಬರೆದಿಲ್ಲ.

ಹೆಸರೇನು ಎಂದು ಮಾತ್ರ ಕೇಳಿದ್ದೆ.
ಮಿರ್ಕೊ ಹೇಳಿದ್ದ, ಮಾಸ್ಕಿನೊಳಗಿಂದ, ಮೆಲ್ಲಗೆ.
ಅದನ್ನು ಎಲ್ಲೂ ಬರೆದಿಟ್ಟಿಲ್ಲ.
ಇಲ್ಲೂ.