ಜಾರಿದ ಕಣ್ಣು

ನಮ್ಮ ತಕೀಲೆ ದ್ವೀಪದಲ್ಲಿ ಹೆಣೆಯುವುದು ಗಂಡಸರ ಕೆಲಸ.
ನೂಲುವುದು ನಮ್ಮದು.
ಹಲ್ಲು ಬೀಳುವ ವಯಸ್ಸಿಗೇ ಹುಡುಗನ ಕೈಗೆ ಸೂಜಿ ಕೊಡುತ್ತಾರೆ,
ಮೊದಲು ಬಿಳಿ ಟೊಪ್ಪಿ, ಬಣ್ಣ ಆಮೇಲೆ.
ಹೆಣ್ಣು ಕೊಡುವ ಮಾವ
ಅಳಿಯನಾಗುವವನ ಟೊಪ್ಪಿಗೆ ನೀರು ತುಂಬಿ ನೋಡುತ್ತಾನೆ,
ಸೋರಿದರೆ ಮಾತು ಮುರಿದಂತೆ.

ನನ್ನ ಸೆಲ್ಸೊನ ಟೊಪ್ಪಿ ಸೋರುತ್ತಿತ್ತು.

ಹನ್ನೊಂದು ವರ್ಷ. ಬೆರಳು ಚುರುಕು.
ಮೂರು ಬೆರಳಗಲ ಅಚ್ಚುಕಟ್ಟು, ಆಮೇಲೊಂದು ತೂತು,
ಮತ್ತೆ ಅಚ್ಚುಕಟ್ಟು. ಮತ್ತೊಂದು.
ಅವನಪ್ಪ ಬಿಚ್ಚಿಸಿದ, ಮತ್ತೆ ಹೆಣೆಸಿದ, ಒಂದು ಸಲ ತಲೆಗೆ ಮೊಟಕಿದ:
ಗಮನ ಎಲ್ಲಿ ಮೇಯಲು ಹೋಗಿದೆಯೋ?
ಹುಡುಗ ಆ ತೂತನ್ನು ನೋಡಿದ ರೀತಿ ಇನ್ನೂ ಕಣ್ಣಲ್ಲಿದೆ,
ಬೇರೆ ಯಾರೋ ಬಂದು ಮಾಡಿಹೋದರೇನೋ ಎಂಬಂತೆ.

ಆ ವಾರ ನಾನು ಕದಿರು ಹಿಡಿದು ಎದುರಿಗೇ ಕೂತೆ.
ನೂಲುವವಳ ಕಣ್ಣು ನೂಲಿನ ಮೇಲೇ ಇರಬೇಕಿಲ್ಲ.

ಮೊದಲು ತುಟಿ.
ಬಾಯಲ್ಲಿ ಏನೂ ಇಲ್ಲದೆ ಚಪ್ಪರಿಸಿದ.
ಬಲಗೈ ಅಂಗಿಯ ಗುಂಡಿ ತಡವುತ್ತ, ತಡವುತ್ತ,
ಎಡಗೈ ಮರಗಟ್ಟಿ.
ಕಣ್ಣು ತೆರೆದೇ ಇತ್ತು, ನನ್ನ ಮೇಲೇ ಇತ್ತು.
ನಾನು ಅದರಲ್ಲಿ ಇರಲಿಲ್ಲ.
ಸೆಲ್ಸೊ ಎಂದೆ. ಕಂದಾ ಎಂದೆ.
ಕದಿರು ತಿರುಗುತ್ತ ಇಳಿದು ನೆಲ ಮುಟ್ಟಿತು,
ಸುತ್ತಿ ಎತ್ತಿ ಮತ್ತೆ ಬಿಟ್ಟೆ, ಮತ್ತೆ ಮುಟ್ಟಿತು.
ಆಗ ಬಂದ.
ಬಂದವನು ಕೇಳಿದ: ಆಲೂಗಡ್ಡೆ ಬೆಂತಾ?
ತಿಂದ ತಟ್ಟೆ ಅವನ ಪಕ್ಕದಲ್ಲೇ ಇತ್ತು.
ಸೂಜಿಯಿಂದ ಹೆಣಿಗೆಯ ಒಂದು ಕಣ್ಣು ಜಾರಿತ್ತು.

ಅತ್ತೆ ಇಗ್ನಾಸಿಯಾ ಹೇಳಿದಳು: ಎಲ್ಲೋ ಬೆಚ್ಚಿದ್ದಾನೆ,
ಬೆಚ್ಚಿದ ಜಾಗದಲ್ಲೇ ಜೀವ ಉಳಿದಿದೆ,
ಅಂಗಿ ಬೀಸಿ ಹೆಸರು ಹಿಡಿದು ಕರೆಯಬೇಕು.
ಕರೆದೆವು, ಮೂರು ಸಂಜೆ, ದೋಣಿಕಟ್ಟೆಯ ಮೆಟ್ಟಿಲೆಲ್ಲ ಇಳಿದು.
ಆಡಿಕೊಳ್ಳಲಾರೆ.
ನಾನು ಕಂಡದ್ದನ್ನು ಅವಳೂ ಕಂಡಿದ್ದಳು,
ತನಗೆ ಗೊತ್ತಿದ್ದ ಮಾತಲ್ಲಿ ಹೇಳಿದಳು.

ಮೂರನೆಯ ಸಂಜೆ, ನೀರು ನೋಡುತ್ತ ನಿಂತಾಗ,
ಅಣ್ಣ ಫೌಸ್ತೊ ನೆನಪಾದ.
ಗಾಳಿಯಿಲ್ಲದ ದಿನ. ಅಲುಗದ ಸರೋವರ.
ಬಲೆ ಅರ್ಧ ಎಳೆದ ದೋಣಿ, ಒಳಗೆ ಯಾರೂ ಇಲ್ಲ.
ಕುಡಿದಿದ್ದ ಎಂದಿತು ಊರು. ನಾವೂ ಹಾಗೇ ಎಂದೆವು.
ಮಾತಿನ ನಡುವೆ ನಿಂತುಬಿಡುತ್ತಿದ್ದ ಅವನು,
ಬರಿಬಾಯಿ ಚಪ್ಪರಿಸುತ್ತಿದ್ದ.
ಮಕ್ಕಳೆಲ್ಲ ಅಣಕಿಸಿ ನಗುತ್ತಿದ್ದೆವು.
ಎಲ್ಲರಿಗಿಂತ ಚೆನ್ನಾಗಿ ಅಣಕಿಸುತ್ತಿದ್ದವಳು ನಾನು.

ಮೂರ್ಛೆ ಅಂದರೆ ಬೀಳುವುದು, ನೊರೆ, ಕೈಕಾಲು ಒದರುವುದು
ಎಂದುಕೊಂಡಿದ್ದೆ.
ಕೂತಲ್ಲೇ, ಯಾರಿಗೂ ತಿಳಿಯದಂತೆ,
ಹೀಗೆ ಹೋಗಿಬರಬಹುದೆಂದು ಯಾರು ಹೇಳಿದ್ದರು?

ಆರೋಗ್ಯಕೇಂದ್ರದ ನರ್ಸ್ ನೆಲಿದಾ ಕೇಳಿದಳು:
ಎಷ್ಟು ಹೊತ್ತು? ಎಷ್ಟು ಸಲ? ಬರೆದಿಟ್ಟಿದ್ದೀಯಾ?
ಕದಿರು ಎರಡು ಸಲ ನೆಲ ಮುಟ್ಟುವಷ್ಟು, ಎಂದೆ.
ಬರೆಯಲು ಬಾರದು.
ಟೊಪ್ಪಿಯನ್ನು ಮೇಜಿನ ಮೇಲಿಟ್ಟೆ.
ಈ ಕೆಂಪು ಸಾಲು ಸೋಮವಾರದ್ದು, ಒಂದು.
ನೀಲಿ ಸಂತೆಯ ದಿನ, ಎರಡು.
ಇಲ್ಲಿ ಹಕ್ಕಿಗೆ ರೆಕ್ಕೆ ಕೂಡಲಿಲ್ಲ ನೋಡು,
ಹಿಂದಿನ ರಾತ್ರಿ ಕರು ಹಾಕುವ ಹಸುವಿನ ಹತ್ತಿರ ನಿದ್ದೆಗೆಟ್ಟಿದ್ದ.
ಅವಳು ಒಂದೊಂದು ತೂತಿಗೂ ಕಿರುಬೆರಳು ತೂರಿಸಿ ಎಣಿಸಿದಳು.
ಇದು ಅದೇ ಎನ್ನಲಾರೆ, ಎಂದಳು. ಇರಬಹುದು.
ಪುನೊದಲ್ಲಿ ತಲೆಗೆ ತಂತಿ ಅಂಟಿಸಿ ನೋಡುತ್ತಾರೆ.
ಅಲ್ಲಿಯವರೆಗೆ ದೋಣಿಯಲ್ಲಿ ಒಬ್ಬನನ್ನೇ ಬಿಡಬೇಡ.
ಒಲೆಯ ಹತ್ತಿರವೂ.

ಬೆಳಗಿನ ದೋಣಿಗೆ ಹೊರಟಿದ್ದೇವೆ.
ಉಣ್ಣೆ ಯಾಕೆ ದಂಡ ಎಂದು
ಅವನಪ್ಪ ಟೊಪ್ಪಿ ಬಿಚ್ಚಲು ಹೋದ.
ಬೇಡ ಎಂದೆ.
ಬಾಗಿಲ ಬೆಳಕಿಗೆ ಹಿಡಿದು ನೋಡಿದ, ಬಹಳ ಹೊತ್ತು,
ಮೊಟಕಿದ ಅದೇ ಕೈಯಲ್ಲಿ.
ಆಮೇಲೆ ಮಗನ ತಲೆಗೆ ಹಾಕಿ
ಕಿವಿ ಮುಚ್ಚುವಷ್ಟು ಕೆಳಗೆಳೆದ:
ನೀರಿನ ಮೇಲೆ ಚಳಿ ಇರುತ್ತೆ.